ಆವರಣಕ್ಕೊಂದು ಹೆಸರು: ಪೈಥಾನಿನ ಹೆಸರಿಟ್ಟ ಗುಂಪುಗಳನ್ನು ಒಂದು ಮಳೆಗಾಲ ಬಳಸಿ ನೋಡಿದ ವಿಮರ್ಶೆ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಉಚಿತವಾಗಿ ಬರುವ, ಪಠ್ಯವನ್ನು ಶೋಧಿಸುವ ಆರ್‌ಇ ಮಾಡ್ಯೂಲನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಆದರೂ ಪಠ್ಯದಲ್ಲಿ ಯಾವ ಮಾದರಿಯನ್ನು ಹುಡುಕಬೇಕೆಂದು ಹೇಳುವ ಸೂತ್ರವಾದ ರೆಗ್ಯುಲರ್ ಎಕ್ಸ್‌ಪ್ರೆಷನ್ನಿನ ಒಳಗಿನ ಆವರಣಗಳಿಗೆ ಹೆಸರಿಟ್ಟು, ಮ್ಯಾಚ್ ಆದ (ಅಂದರೆ ಮಾದರಿ ಪಠ್ಯಕ್ಕೆ ಹೊಂದಿದ) ಮೇಲೆ ಆ ಹೆಸರಿನಿಂದಲೇ ಫಲಿತಾಂಶವನ್ನು ಕೇಳಿ ಪಡೆಯುವ ಸೌಲಭ್ಯವನ್ನು ಬಹುಕಾಲ ಅಲಂಕಾರವೆಂದೇ ಭಾವಿಸಿದ್ದೆ. ಒಂದು, ಎರಡು, ಮೂರು ಎಂದು ಎಣಿಸಲು ಬರುವವನಿಗೆ ಹೆಸರಿನ ಹಂಗೇಕೆ ಎಂಬ ಆ ಧೋರಣೆಯನ್ನು ಕಳೆದ ಮಳೆಗಾಲ ಬಿಡಿಸಿತು. ಹೇಗೆ ಬಿಡಿಸಿತೆಂಬುದನ್ನೂ, ಈ ಸೌಲಭ್ಯ ಕನ್ನಡದ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಎಲ್ಲಿ ನೆರವಾಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಕೆಲಸದ ಸ್ವರೂಪವನ್ನು ಹೇಳಬೇಕು. ಜೂನ್ ಕಳೆದು ಮಳೆ ಹಿಡಿದ ಕೂಡಲೇ ಶಿವಮೊಗ್ಗ ಜಿಲ್ಲೆಯ ಮೊಬೈಲುಗಳಿಗೆ ಬೆಳಗಿನ ಕಾಫಿಗೂ ಮುಂಚೆ ಬರುವುದು ಜಲಾಶಯಗಳ ಮಟ್ಟದ ಸಂದೇಶ. ಶರಾವತಿಯ ಲಿಂಗನಮಕ್ಕಿಗೆ ಗರಿಷ್ಠ 1819 ಅಡಿ, ಭದ್ರಾಕ್ಕೆ 186 ಅಡಿ, ಗಾಜನೂರಿನ ತುಂಗಾಕ್ಕೆ 588.24 ಮೀಟರ್ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಅಂದಿನ ಮಟ್ಟ, ಒಳಹರಿವು, ಹೊರಹರಿವು, ಜೊತೆಗೆ ತಾಲ್ಲೂಕುವಾರು ಮಳೆಯ ಪ್ರಮಾಣ ಒಂದೇ ಸಂದೇಶದಲ್ಲಿ ಬರುತ್ತವೆ. ಕೈಯಿಂದ ಟೈಪ್ ಮಾಡಿದ ಸಂದೇಶವಾದ್ದರಿಂದ ಅದರ ರೂಪ ದಿನಕ್ಕೊಂದು ಬಗೆ. ಇವುಗಳನ್ನು ಒಟ್ಟುಮಾಡಿ ದಿನಾಂಕವಾರು ಪಟ್ಟಿ ತಯಾರಿಸಿ, ಹಿನ್ನೀರಿನ ದಂಡೆಯ ನೆಂಟರಿಷ್ಟರಿಗೆ ಪ್ರತಿದಿನ ಕಳಿಸುವ ಸಣ್ಣ ಪ್ರೋಗ್ರಾಂ ಒಂದನ್ನು ನಾನು ನಡೆಸುತ್ತೇನೆ. ಸಾಲುಗಳು ಹೆಚ್ಚುಕಡಿಮೆ ಹೀಗಿರುತ್ತವೆ. ಗರಿಷ್ಠ ಮಟ್ಟವೊಂದನ್ನು ಬಿಟ್ಟು ಉಳಿದ ಅಂಕಿಗಳು ಉದಾಹರಣೆಗಾಗಿ ನಾನೇ ಬರೆದವು:

ಲಿಂಗನಮಕ್ಕಿ: ಗರಿಷ್ಠ 1819 ಅಡಿ, ಇಂದು 1795.40 ಅಡಿ, ಒಳಹರಿವು 32,450 ಕ್ಯೂಸೆಕ್, ಹೊರಹರಿವು 5,120 ಕ್ಯೂಸೆಕ್

ಇಂಥ ಸಾಲನ್ನು ಓದುವ ನನ್ನ ಹಳೆಯ ಪ್ಯಾಟರ್ನಿನಲ್ಲಿ, ಅಂದರೆ ಹುಡುಕುವ ಸೂತ್ರದಲ್ಲಿ, ಐದು ಆವರಣಗಳಿದ್ದವು. ಒಂದನೆಯದು ಜಲಾಶಯದ ಹೆಸರು, ಎರಡನೆಯದು ಗರಿಷ್ಠ, ಮೂರನೆಯದು ಇಂದಿನ ಮಟ್ಟ, ನಾಲ್ಕನೆಯದು ಒಳಹರಿವು, ಐದನೆಯದು ಹೊರಹರಿವು. ಗರಿಷ್ಠ ಮಟ್ಟ ಎಂದೂ ಬದಲಾಗದ ಸಂಖ್ಯೆಯಾದ್ದರಿಂದ ಅದನ್ನು ಹಿಡಿದಿಡುವ ಅಗತ್ಯವಿಲ್ಲವೆಂದು ಒಂದು ರಾತ್ರಿ ಎರಡನೆಯ ಆವರಣವನ್ನು ತೆಗೆದುಹಾಕಿದೆ. ಆ ಕ್ಷಣದಲ್ಲಿ ಉಳಿದ ಆವರಣಗಳೆಲ್ಲ ಒಂದೊಂದು ಸ್ಥಾನ ಹಿಂದಕ್ಕೆ ಸರಿದವು. ಪ್ರೋಗ್ರಾಂ ಮಾತ್ರ ಮೂರನೆಯದನ್ನೇ ಮಟ್ಟವೆಂದೂ ನಾಲ್ಕನೆಯದನ್ನೇ ಒಳಹರಿವೆಂದೂ ಓದುತ್ತಾ ಹೋಯಿತು. ಐದನೆಯದನ್ನು ನಾನು ಎಲ್ಲಿಯೂ ಓದುತ್ತಿರಲಿಲ್ಲವಾದ್ದರಿಂದ ದೋಷದ ಸಂದೇಶವೂ ಬರಲಿಲ್ಲ. ಮರುದಿನ ಬೆಳಿಗ್ಗೆ ನಿಟ್ಟೂರಿನಿಂದ ಚಿಕ್ಕಪ್ಪನ ಫೋನು ಬಂತು: ‘ಲಿಂಗನಮಕ್ಕಿ ಮೂವತ್ತೆರಡು ಸಾವಿರ ಅಡಿಗೆ ಬಂತಲ್ಲೋ ಮಾರಾಯ, ಕೊಡಚಾದ್ರಿ ಯಾವತ್ತು ಮುಳುಗ್ತು? ನಮಗೂ ಒಂದ್ ಮಾತು ಹೇಳ್ಬಾರ್ದಿತ್ತಾ?’ ಕೊಡಚಾದ್ರಿಯ ಎತ್ತರ 1343 ಮೀಟರ್. ನನ್ನ ಪಟ್ಟಿಯ ಪ್ರಕಾರ ನೀರು ಅದರ ತಲೆಯ ಮೇಲೆ ಎಂಟೂವರೆ ಕಿಲೋಮೀಟರ್ ನಿಂತಿತ್ತು.

ತಪ್ಪು ಪೂರ್ತಿಯಾಗಿ ನನ್ನದೇ. ಆದರೆ ಆ ತಪ್ಪಿಗೆ ದಾರಿ ಮಾಡಿಕೊಟ್ಟಿದ್ದು ಸ್ಥಾನದ ಸಂಖ್ಯೆಯನ್ನು ಅರ್ಥವೆಂದು ನಂಬುವ ಅಭ್ಯಾಸ. ಅಂದೇ ಸಂಜೆ ಕುಳಿತು ಎಲ್ಲ ಆವರಣಗಳಿಗೂ ಹೆಸರಿಟ್ಟೆ. ಇಂಥ ಆವರಣವನ್ನೇ ಹೆಸರಿಟ್ಟ ಗುಂಪು ಎನ್ನುವುದು.

ಹೆಸರಿಡುವ ಕ್ರಮ ಸರಳವಾಗಿದೆ. ಆವರಣ ತೆರೆದ ಕೂಡಲೇ ಪ್ರಶ್ನಾರ್ಥಕ ಚಿಹ್ನೆ, ಅದರ ಬೆನ್ನಿಗೆ ಇಂಗ್ಲಿಷಿನ ದೊಡ್ಡ ಪಿ ಅಕ್ಷರ, ಆಮೇಲೆ ಕೋನಾವರಣದ ನಡುವೆ ಹೆಸರು, ನಂತರ ಹಿಡಿಯಬೇಕಾದ ಮಾದರಿ. ಪಿ ಎಂಬುದನ್ನು ಇಲ್ಲಿ ಕನ್ನಡದಲ್ಲಿ ಬರೆದು ತೋರಿಸುವುದಾದರೆ ನನ್ನ ಪ್ಯಾಟರ್ನಿನ ಒಂದು ತುಂಡು ಹೀಗಿದೆ:

ಇಂದು (?ಪಿ<ಮಟ್ಟ>[0-9.]+) (?ಪಿ<ಏಕಮಾನ>ಅಡಿ|ಮೀಟರ್)(?:, ಒಳಹರಿವು (?ಪಿ<ಒಳಹರಿವು>[0-9,]+) ಕ್ಯೂಸೆಕ್)?

ಆ ಪಿ ಅಕ್ಷರ ಪೈಥಾನಿನ ಗುರುತು. ಪರ್ಲ್ ಭಾಷೆಯಿಂದ ಪಡೆದ ಬರಹಕ್ರಮದ ಮೇಲೆ ಪೈಥಾನ್ ತನ್ನದೇ ಸೇರ್ಪಡೆಯನ್ನು ಮಾಡಿದಾಗ, ಇದು ನಮ್ಮದು ಎಂದು ಗುರುತಿಸಲು ಅದನ್ನು ಇಟ್ಟುಕೊಂಡಿತು. ಪರ್ಲ್‌ಗೆ ಹೆಸರಿಟ್ಟ ಗುಂಪುಗಳು ಬಂದಿದ್ದು ಬಹಳ ತಡವಾಗಿ, 2007ರ 5.10ನೇ ಆವೃತ್ತಿಯಲ್ಲಿ. ಇಂದು ಜಾವಾಸ್ಕ್ರಿಪ್ಟ್, ಜಾವಾ, ಡಾಟ್‌ನೆಟ್ ಮೊದಲಾದವು ಪಿ ಇಲ್ಲದ ರೂಪವನ್ನು ಬಳಸುತ್ತವೆ. ಪೈಥಾನಿನ ಆರ್‌ಇ ಮಾತ್ರ ಪಿ ಬೇಕೇಬೇಕು ಎನ್ನುತ್ತದೆ. ಎರಡು ಭಾಷೆಗಳ ನಡುವೆ ಓಡಾಡುವವರಿಗೆ ಇದು ಸಣ್ಣ ಕಿರಿಕಿರಿ, ಅಷ್ಟೇ.

ಮ್ಯಾಚ್ ಆದ ಮೇಲೆ ಸಿಗುವ ಆಬ್ಜೆಕ್ಟಿನಲ್ಲಿಯೇ ಈ ಸೌಲಭ್ಯದ ನಿಜವಾದ ರುಚಿ ಇರುವುದು. ಗ್ರೂಪ್ ಎಂಬ ಮೆಥಡ್ಡಿಗೆ ಸಂಖ್ಯೆಯ ಬದಲು ‘ಮಟ್ಟ’ ಎಂದು ಕೊಟ್ಟರೆ 1795.40 ಸಿಗುತ್ತದೆ. 2016ರಲ್ಲಿ ಬಂದ 3.6ನೇ ಆವೃತ್ತಿಯಿಂದ ಈಚೆಗೆ ಚೌಕಾವರಣದಲ್ಲಿ ಹೆಸರು ಬರೆದರೂ ಸಾಕು. ಗ್ರೂಪ್‌ಡಿಕ್ಟ್ ಎಂಬ ಮೆಥಡ್ ಎಲ್ಲ ಹೆಸರುಗಳನ್ನೂ ಅವುಗಳ ಮೌಲ್ಯಗಳನ್ನೂ ಒಂದೇ ಡಿಕ್ಷನರಿಯಾಗಿ ಕೈಗಿಡುತ್ತದೆ:

{'ಜಲಾಶಯ': 'ಲಿಂಗನಮಕ್ಕಿ', 'ಮಟ್ಟ': '1795.40', 'ಏಕಮಾನ': 'ಅಡಿ', 'ಒಳಹರಿವು': '32,450'}

ಈ ಸಾಲು ಪರದೆಯ ಮೇಲೆ ಮೊದಲ ಬಾರಿಗೆ ಮೂಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಮಾಡ್ಯೂಲ್ ಯಾವ ತಕರಾರೂ ಇಲ್ಲದೆ ಕನ್ನಡದ ಹೆಸರುಗಳನ್ನು ಸ್ವೀಕರಿಸಿತ್ತು. ಪೈಥಾನಿನ ಮೂರನೆಯ ತಲೆಮಾರಿನಲ್ಲಿ ವೇರಿಯಬಲ್ಲಿಗೆ ಇಡಬಹುದಾದ ಯಾವ ಹೆಸರನ್ನಾದರೂ ಗುಂಪಿಗೂ ಇಡಬಹುದು. ಬೈಟುಗಳ ಮೇಲೆ ನಡೆಯುವ ಪ್ಯಾಟರ್ನುಗಳಿಗೆ ಮಾತ್ರ ಈ ಅನುಕೂಲವಿಲ್ಲ, ಅಲ್ಲಿ 3.12ರಿಂದ ಹೆಸರು ಬರಿಯ ಆಸ್ಕಿ (ಇಂಗ್ಲಿಷಿನ ಮೂಲ) ಅಕ್ಷರಗಳಲ್ಲಿರಬೇಕು. ‘ಇನ್‌ಫ್ಲೋ’, ‘ಔಟ್‌ಫ್ಲೋ’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟು, ಕೊನೆಗೆ ಪಟ್ಟಿ ಮುದ್ರಿಸುವಾಗ ಅವುಗಳನ್ನು ಕನ್ನಡಕ್ಕೆ ತಿರುಗಿಸುವ ಎರಡು ಕೆಲಸಗಳ ಬದಲು ಇಲ್ಲಿ ಒಂದೇ ಕೆಲಸ. ಕೋಷ್ಟಕಗಳ ಕೆಲಸಕ್ಕೆಂದಿರುವ ಪಾಂಡಾಸ್ ಲೈಬ್ರರಿಯನ್ನು ಬಳಸುವವರಿಗೆ ಇದರ ಲಾಭ ಇನ್ನೂ ಹೆಚ್ಚು. ಅದರ ಎಕ್ಸ್‌ಟ್ರ್ಯಾಕ್ಟ್ ಸೌಲಭ್ಯಕ್ಕೆ ಇದೇ ಪ್ಯಾಟರ್ನನ್ನು ಕೊಟ್ಟರೆ ಗುಂಪಿನ ಹೆಸರುಗಳೇ ನೇರವಾಗಿ ಕಾಲಂ ಶೀರ್ಷಿಕೆಗಳಾಗುತ್ತವೆ. ಜಾವಾದಲ್ಲಿ ಈ ಸುಖವಿಲ್ಲ; ಅಲ್ಲಿ ಗುಂಪಿನ ಹೆಸರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿಂದಲೇ ಆಗಬೇಕು, ಅಡಿಗೆರೆಗೂ ಅವಕಾಶವಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಹುಡುಕಲು ನನಗೆ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ‘ಹೊರಹರಿವು’ ಎಂಬ ಪದದ ‘ಹೊ’ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಹ’ಕ್ಕೆ ಒಂದೇ ಒತ್ವದ ಚಿಹ್ನೆ ಸೇರಿಸುವುದು ಒಂದು ಬಗೆ, ಎತ್ವದ ಚಿಹ್ನೆಯನ್ನೂ ಊತ್ವದ ಚಿಹ್ನೆಯನ್ನೂ ಒಂದರ ಹಿಂದೊಂದು ಇಡುವುದು ಇನ್ನೊಂದು ಬಗೆ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಎರಡೂ ಬೇರೆ. ಹಳೆಯ ಕಡತದಿಂದ ನಕಲು ಮಾಡಿ ತಂದ ಹೆಸರನ್ನು ಪ್ಯಾಟರ್ನಿನಲ್ಲಿ ಅಂಟಿಸಿ, ಪ್ರೋಗ್ರಾಮಿನ ಇನ್ನೊಂದು ಕಡೆ ಅದೇ ಹೆಸರನ್ನು ಕೈಯಿಂದ ಟೈಪ್ ಮಾಡಿದಾಗ ‘ಅಂಥ ಗುಂಪು ಇಲ್ಲ’ ಎಂಬ ದೋಷ ಬಂತು. ಎದುರಿಗೇ ಕಾಣುತ್ತಿರುವ ಗುಂಪನ್ನು ಇಲ್ಲವೆನ್ನುವುದನ್ನು ನೋಡುತ್ತಾ ಕುಳಿತಿದ್ದೆ. ವೇರಿಯಬಲ್ ಹೆಸರುಗಳನ್ನು ಪೈಥಾನ್ ತಾನೇ ಒಂದು ರೂಪಕ್ಕೆ ತಂದುಕೊಳ್ಳುತ್ತದೆ. ಪ್ಯಾಟರ್ನ್ ಮಾತ್ರ ಅದರ ಪಾಲಿಗೆ ಬರಿಯ ಪಠ್ಯವಾದ್ದರಿಂದ ಅಲ್ಲಿ ಆ ಶುದ್ಧೀಕರಣ ನಡೆಯುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಎಂಬ ಫಂಕ್ಷನ್ನಿನಿಂದ ಪ್ಯಾಟರ್ನನ್ನೂ ಸಂದೇಶವನ್ನೂ ಎನ್‌ಎಫ್‌ಸಿ ಎಂಬ, ಬಿಡಿ ಚಿಹ್ನೆಗಳನ್ನು ಒಂದಾಗಿ ಸೇರಿಸಿದ ರೂಪಕ್ಕೆ ತಂದುಕೊಂಡ ಮೇಲೆ ಈ ತೊಂದರೆ ಮತ್ತೆ ಬರಲಿಲ್ಲ. ಸಂದೇಶಕ್ಕೂ ಇದು ಬೇಕೇ ಬೇಕು. ‘ಶಿವಮೊಗ್ಗ’ದ ‘ಮೊ’ದಲ್ಲಿಯೂ ಇದೇ ಅಪಾಯ ಅಡಗಿದೆ.

ಈಗ ಫಲಿತಾಂಶದಲ್ಲಿ ‘ಇಲ್ಲ’ ಎಂಬುದರ ಬಗ್ಗೆ. ಕೆಲವು ದಿನ ತುಂಗಾದ ಸಾಲಿನಲ್ಲಿ ಒಳಹರಿವಿನ ಉಲ್ಲೇಖವೇ ಇರುವುದಿಲ್ಲ. ಆ ತುಂಡನ್ನು ನಾನು ಐಚ್ಛಿಕವಾಗಿ ಇಟ್ಟಿರುವುದರಿಂದ ಸಾಲು ಮ್ಯಾಚ್ ಆಗುತ್ತದೆ, ಆದರೆ ಡಿಕ್ಷನರಿಯಲ್ಲಿ ‘ಒಳಹರಿವು’ ಎಂಬುದರ ಎದುರು ‘ನನ್’ ಎಂಬ ಪೈಥಾನಿನ ಶೂನ್ಯಮೌಲ್ಯ ಇರುತ್ತದೆ. ಹೆಸರು ಮಾತ್ರ ಡಿಕ್ಷನರಿಯಿಂದ ಮಾಯವಾಗುವುದಿಲ್ಲ, ಇದು ಬಹಳ ಒಳ್ಳೆಯ ನಿರ್ಧಾರ. ಪಟ್ಟಿಯ ಕಾಲಂಗಳು ಎಲ್ಲ ದಿನವೂ ಒಂದೇ ಆಗಿರುತ್ತವೆ. ಗ್ರೂಪ್‌ಡಿಕ್ಟಿಗೆ ಬದಲಿ ಮೌಲ್ಯವನ್ನು ಕೊಡುವ ಅವಕಾಶವೂ ಇದೆ. ಅದನ್ನು ಕಂಡ ಕೂಡಲೇ ಸೊನ್ನೆಯನ್ನು ಕೊಡುವ ಆಸೆ ಹುಟ್ಟುವುದು ಸಹಜ, ಕೊಡಬಾರದು. ಒಳಹರಿವು ಸೊನ್ನೆ ಎಂಬುದು ಒಂದು ಸುದ್ದಿ; ಒಳಹರಿವನ್ನು ಯಾರೂ ಬರೆದಿಲ್ಲ ಎಂಬುದು ಬೇರೆಯೇ ಸುದ್ದಿ. ಜುಲೈ ತಿಂಗಳಿನಲ್ಲಿ ತುಂಗೆಗೆ ಒಳಹರಿವು ಸೊನ್ನೆ ಎಂದು ಬರೆದ ಪಟ್ಟಿಯನ್ನು ತೀರ್ಥಹಳ್ಳಿಯ ಯಾರಿಗೆ ತಾನೆ ತೋರಿಸಲಾದೀತು? ಇನ್ನು ಇಡೀ ಸಾಲೇ ಮ್ಯಾಚ್ ಆಗದಿದ್ದರೆ ಮ್ಯಾಚ್ ಆಬ್ಜೆಕ್ಟಿನ ಜಾಗದಲ್ಲಿಯೇ ‘ನನ್’ ಬರುತ್ತದೆ, ಅದರ ಮೇಲೆ ಗ್ರೂಪ್‌ಡಿಕ್ಟ್ ಕರೆದರೆ ಪ್ರೋಗ್ರಾಂ ಮುಗ್ಗರಿಸುತ್ತದೆ. ಈ ಎರಡು ಬಗೆಯ ‘ಇಲ್ಲ’ಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವ ಶಿಸ್ತು ಬಳಸುವವರದ್ದೇ ಆಗಿರಬೇಕು.

ಈ ಮಾಡ್ಯೂಲಿನ ಬಗ್ಗೆ ನನಗಿರುವ ದೊಡ್ಡ ಅಸಮಾಧಾನ ಹೆಸರಿನದ್ದಲ್ಲ, ಹೆಸರಿನ ಒಳಗೆ ಹಿಡಿಯುವ ಪಠ್ಯದ್ದು. ‘ಜಲಾಶಯ’ ಎಂಬ ಗುಂಪಿನ ಒಳಗೆ ಒಂದು ಪದವನ್ನು ಹಿಡಿಯಬೇಕೆಂದರೆ ಎಲ್ಲ ಪಾಠಗಳೂ ಹೇಳುವುದು ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಬಳಸಿ ಎಂದು. ಪದದಲ್ಲಿ ಬರಬಹುದಾದ ಅಕ್ಷರ ಎಂಬುದು ಅದರ ಅರ್ಥ. ನಾನು ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರುಗಳನ್ನು ಅದಕ್ಕೆ ಕೊಟ್ಟು ನೋಡಿದೆ. ‘ಶಿವಮೊಗ್ಗ’ ಎಂಬ ಒಂದು ಪದವನ್ನು ಅದು ‘ಶ’, ‘ವಮ’, ‘ಗ’, ‘ಗ’ ಎಂದು ನಾಲ್ಕು ತುಂಡು ಮಾಡಿತು. ‘ಸಾಗರ’ ಎಂಬುದು ‘ಸ’ ಮತ್ತು ‘ಗರ’ ಆಯಿತು. ‘ಸೊರಬ’ ಎಂಬುದು ‘ಸ’ ಮತ್ತು ‘ರಬ’ ಆಯಿತು. ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರಗಳ ಗತಿಯೂ ಇದೇ. ಏಳರಲ್ಲಿ ಒಂದೂ ಇಡಿಯಾಗಿ ಉಳಿಯಲಿಲ್ಲ.

ಕಾರಣ ಸ್ಪಷ್ಟವಿದೆ. ಬ್ಯಾಕ್‌ಸ್ಲ್ಯಾಶ್ ಡಬ್ಲ್ಯುವಿನ ವ್ಯಾಪ್ತಿಯನ್ನು ಆರ್‌ಇ ಮಾಡ್ಯೂಲ್ ನಿರ್ಧರಿಸುವುದು, ಆ ಸಂಕೇತ ಅಕ್ಷರವೋ ಅಂಕಿಯೋ ಎಂಬ ಪ್ರಶ್ನೆಯಿಂದ. ಅಡಿಗೆರೆಯೊಂದೇ ಹೆಚ್ಚಿನ ಸೇರ್ಪಡೆ. ಕನ್ನಡದ ಗುಣಿತದ ಚಿಹ್ನೆಗಳೂ ಒತ್ತಕ್ಷರ ಮಾಡುವ ವಿರಾಮ ಚಿಹ್ನೆಯೂ ಯೂನಿಕೋಡಿನ ವಿಂಗಡಣೆಯಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಸೇರುವ ಗುರುತುಗಳು. ಹಾಗಾಗಿ ಗುಣಿತ ಬಂದಲ್ಲೆಲ್ಲ ಪದ ಮುಗಿಯಿತೆಂದು ಅದು ತಿಳಿಯುತ್ತದೆ. ಪದದ ಅಂಚನ್ನು ಗುರುತಿಸುವ ಬ್ಯಾಕ್‌ಸ್ಲ್ಯಾಶ್ ಬಿ ಕೂಡ ಇದೇ ಲೆಕ್ಕವನ್ನು ಆಧರಿಸಿರುವುದರಿಂದ ಕನ್ನಡದಲ್ಲಿ ಅದನ್ನು ನಂಬುವಂತಿಲ್ಲ. ಇದರಲ್ಲಿರುವ ವಿಪರ್ಯಾಸವನ್ನು ಗಮನಿಸಬೇಕು. ‘ಜಲಾಶಯ’ ಎಂಬುದನ್ನು ಗುಂಪಿನ ಹೆಸರಾಗಿ ಕೋನಾವರಣದೊಳಗೆ ಬರೆದರೆ ಇದೇ ಮಾಡ್ಯೂಲ್ ಅದನ್ನು ಒಂದು ಅಖಂಡ ಪದವೆಂದು ಒಪ್ಪುತ್ತದೆ, ಏಕೆಂದರೆ ಹೆಸರುಗಳ ಪರೀಕ್ಷೆಗೆ ಅದು ಬಳಸುವುದು ಗುಣಿತ ಚಿಹ್ನೆಗಳನ್ನೂ ಒಳಗೊಂಡ ಬೇರೆಯ ನಿಯಮವನ್ನು. ಅದೇ ‘ಜಲಾಶಯ’ವನ್ನು ಸಂದೇಶದೊಳಗೆ ಕಂಡರೆ ‘ಜಲ’ ಮತ್ತು ‘ಶಯ’ ಎಂದು ಸೀಳುತ್ತದೆ. ಬಾಗಿಲಿನ ಫಲಕದ ಮೇಲೆ ಸರಿಯಾಗಿ ಬರೆದ ಹೆಸರನ್ನು ಮನೆಯೊಳಗೆ ಯಾರೂ ಸರಿಯಾಗಿ ಕರೆಯದಂತಾಯಿತು.

ನಾನು ಕಂಡುಕೊಂಡ ದಾರಿ ಎರಡು. ಮೊದಲನೆಯದು, ಏನು ಬೇಕೆಂದು ಹೇಳುವ ಬದಲು ಏನು ಬೇಡವೆಂದು ಹೇಳುವುದು: ಜಲಾಶಯದ ಹೆಸರೆಂದರೆ ಎರಡು ಚುಕ್ಕೆಯ ಚಿಹ್ನೆ (:) ಸಿಗುವವರೆಗೆ ಇರುವುದೆಲ್ಲ. ಎರಡನೆಯದು, ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳ ಖಂಡವನ್ನು ಚೌಕಾವರಣದಲ್ಲಿ ಆರಂಭದಿಂದ ಕೊನೆಯವರೆಗೆ ಕೊಡುವುದು. ಆಗಲೂ ‘ಕ್ಯೂಸೆಕ್‌ನಷ್ಟು’ ಎಂಬಂಥ ಪದಗಳಲ್ಲಿ ಅರೆ ಅಕ್ಷರವನ್ನು ಬಿಡಿಸಿ ತೋರಿಸಲು ಬರುವ ಕಾಣದ ಸಂಕೇತ ಆ ಖಂಡದ ಹೊರಗಿರುತ್ತದೆ. ಅದನ್ನು ಪ್ರತ್ಯೇಕವಾಗಿ ಸೇರಿಸಬೇಕು. ಕೆಲಸ ಆಗುತ್ತದೆ, ಚಂದ ಕಾಣುವುದಿಲ್ಲ.

ಅಂಕಿಗಳ ವಿಚಾರದಲ್ಲಿ ಮಾತ್ರ ಈ ಮಾಡ್ಯೂಲ್ ಉದಾರವಾಗಿದೆ. ಹಿರಿಯರೊಬ್ಬರು ತಮ್ಮ ಸಂದೇಶಗಳಲ್ಲಿ ಕನ್ನಡದ ಅಂಕಿಗಳನ್ನೇ ಬಳಸುತ್ತಾರೆ. ಅಂಕಿಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಡಿ ಅವುಗಳನ್ನೂ ಹಿಡಿಯುತ್ತದೆ, ಮಾತ್ರವಲ್ಲ, ಹಿಡಿದ ‘೧೭೯೫.೪೦’ ಎಂಬ ಪಠ್ಯವನ್ನು ಫ್ಲೋಟ್ ಫಂಕ್ಷನ್ನಿಗೆ ಕೊಟ್ಟರೆ ಅದು ಯಾವ ಗೊಣಗಾಟವೂ ಇಲ್ಲದೆ 1795.4 ಎಂದು ಅರ್ಥಮಾಡಿಕೊಳ್ಳುತ್ತದೆ. ಮೇಲೆ ತೋರಿಸಿದ ತುಂಡಿನಲ್ಲಿರುವ ಸೊನ್ನೆಯಿಂದ ಒಂಬತ್ತರ ಚೌಕಾವರಣವನ್ನು ನಾನು ಈ ಕಾರಣಕ್ಕಾಗಿಯೇ ಆಮೇಲೆ ಬದಲಿಸಿದೆ. ಸಾವಿರದ ಅಲ್ಪವಿರಾಮವನ್ನು ತೆಗೆಯುವ ಕೆಲಸ ಮಾತ್ರ ನಮ್ಮದೇ.

ಎರಡನೆಯ ದೊಡ್ಡ ಕೊರತೆ ಮಳೆಯ ಸಾಲಿನಲ್ಲಿ ಎದುರಾಯಿತು. ಏಳು ತಾಲ್ಲೂಕುಗಳ ಹೆಸರು ಮತ್ತು ಮಿಲಿಮೀಟರ್ ಲೆಕ್ಕದ ಮಳೆ ಅಲ್ಪವಿರಾಮಗಳ ನಡುವೆ ಒಂದೇ ಸಾಲಿನಲ್ಲಿರುತ್ತವೆ. ‘ತಾಲ್ಲೂಕು’ ಮತ್ತು ‘ಮಳೆ’ ಎಂಬ ಎರಡು ಗುಂಪುಗಳನ್ನು ಮಾಡಿ, ಆ ಜೋಡಿ ಎಷ್ಟು ಬಾರಿಯಾದರೂ ಬರಬಹುದೆಂದು ಪ್ಲಸ್ ಚಿಹ್ನೆ ಹಾಕಿದರೆ ಸಾಲು ಪೂರ್ತಿಯಾಗಿ ಮ್ಯಾಚ್ ಆಗುತ್ತದೆ. ಡಿಕ್ಷನರಿಯಲ್ಲಿ ಮಾತ್ರ ಉಳಿಯುವುದು ಸಾಲಿನ ಕೊನೆಯ ತಾಲ್ಲೂಕು ಮಾತ್ರ. ಪ್ರತಿ ಬಾರಿಯೂ ಹಿಂದಿನದನ್ನು ಅಳಿಸಿ ಹೊಸದನ್ನು ಬರೆಯುವುದು ಈ ಗುಂಪುಗಳ ಸ್ವಭಾವ. ಮೊದಲು ಬಂದ ಆರು ತಾಲ್ಲೂಕುಗಳ ಮಳೆ ನೆಲಕ್ಕೆ ಇಂಗಿದಂತೆ ಸದ್ದಿಲ್ಲದೆ ಹೋಗಿಬಿಡುತ್ತದೆ, ದೋಷವೆಂದು ಯಾರೂ ಹೇಳುವುದಿಲ್ಲ.

ಇದಕ್ಕೆ ಮಾಡ್ಯೂಲಿನೊಳಗಿನ ಪರಿಹಾರವೆಂದರೆ ಪುನರಾವರ್ತನೆಯನ್ನು ಪ್ಯಾಟರ್ನಿನಿಂದ ಹೊರಗೆ ತಂದು, ಒಂದೇ ಜೋಡಿಯ ಪ್ಯಾಟರ್ನನ್ನು ಫೈಂಡ್‌ಇಟರ್ ಮೂಲಕ ಸಾಲಿನುದ್ದಕ್ಕೂ ಓಡಿಸುವುದು. ಅದು ಪ್ರತಿ ಜೋಡಿಗೂ ಒಂದೊಂದು ಮ್ಯಾಚ್ ಆಬ್ಜೆಕ್ಟ್ ಕೊಡುತ್ತದೆ, ಪ್ರತಿಯೊಂದರಲ್ಲಿಯೂ ಹೆಸರುಗಳು ಜೀವಂತವಾಗಿರುತ್ತವೆ. ಅವಸರದಲ್ಲಿ ಫೈಂಡ್‌ಆಲ್ ಬಳಸಬಾರದು. ಫೈಂಡ್‌ಆಲ್ ಕೊಡುವುದು ಹೆಸರಿಲ್ಲದ ಮೌಲ್ಯಗಳ ಸಾಲುಗಳಾದ ಬರಿಯ ಟ್ಯೂಪಲ್‌ಗಳನ್ನು. ನಾವು ಶ್ರದ್ಧೆಯಿಂದ ಇಟ್ಟ ಹೆಸರುಗಳನ್ನೆಲ್ಲ ಅದು ಬಿಟ್ಟುಬಿಡುತ್ತದೆ, ಜೊತೆಗೆ ಮ್ಯಾಚ್ ಆಗದ ಐಚ್ಛಿಕ ಗುಂಪಿನ ಜಾಗದಲ್ಲಿ ‘ನನ್’ ಬದಲು ಖಾಲಿ ಪಠ್ಯವನ್ನಿಡುತ್ತದೆ. ಫೈಂಡ್‌ಆಲ್ ಹೆಚ್ಚು ಜನಪ್ರಿಯವಾದದ್ದರಿಂದ ಹೊಸಬರು ಮೊದಲು ಕೈಹಾಕುವುದು ಅದಕ್ಕೇ.

ಹೊರಗಿನ ಪರಿಹಾರ ಬೇಕಿದ್ದರೆ ಪೈಥಾನಿನ ಮಾಡ್ಯೂಲುಗಳನ್ನು ಇಳಿಸಿಕೊಡುವ ಪಿಪ್ ಮೂಲಕ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾದ ರೆಜೆಕ್ಸ್ ಎಂಬ ಮಾಡ್ಯೂಲ್ ಇದೆ, ಅದೂ ಉಚಿತವೇ. ಆರ್‌ಇ ಮಾಡ್ಯೂಲಿನ ಕರೆಗಳನ್ನೇ ಬಹುಮಟ್ಟಿಗೆ ಒಪ್ಪುವುದರಿಂದ ಹಳೆಯ ಪ್ರೋಗ್ರಾಮಿನಲ್ಲಿ ಆಮದು ಮಾಡುವ ಸಾಲನ್ನು ಬದಲಿಸಿದರೆ ಹೆಚ್ಚಿನ ಕೆಲಸ ಮುಗಿಯುತ್ತದೆ. ಅದರ ಕ್ಯಾಪ್ಚರ್ಸ್ ಎಂಬ ಮೆಥಡ್ ಒಂದು ಹೆಸರಿನಡಿ ಹಿಡಿದ ಎಲ್ಲ ಮೌಲ್ಯಗಳನ್ನೂ ಪಟ್ಟಿಯಾಗಿ ಕೊಡುತ್ತದೆ; ಕ್ಯಾಪ್ಚರ್ಸ್‌ಡಿಕ್ಟ್ ಎಂಬುದು ಎಲ್ಲ ಹೆಸರುಗಳಿಗೂ ಹಾಗೆಯೇ ಮಾಡಿ ಕೊಡುತ್ತದೆ. ಏಳೂ ತಾಲ್ಲೂಕುಗಳು ಒಂದೇ ಮ್ಯಾಚ್‌ನಿಂದ ಸಾಲಾಗಿ ಬಂದು ನಿಂತವು. ಅದಕ್ಕಿಂತ ಮುಖ್ಯವಾಗಿ, ಪದದ ಅಕ್ಷರ ಯಾವುದೆಂಬ ವಿಚಾರದಲ್ಲಿ ಅದು ಯೂನಿಕೋಡಿನ ಶಿಫಾರಸನ್ನು ಪಾಲಿಸುವುದರಿಂದ ಅಲ್ಲಿ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಬಳಸಿದರೆ ‘ಶಿವಮೊಗ್ಗ’ ಇಡಿಯಾಗಿ ಉಳಿಯುತ್ತದೆ. ಕನ್ನಡ ಲಿಪಿಗೆ ಸೇರಿದ್ದು ಎಂದು ನೇರವಾಗಿ ಕೇಳುವ ಬರಹಕ್ರಮವೂ ಅದರಲ್ಲಿದೆ, ಆರ್‌ಇನಲ್ಲಿ ಅದಿಲ್ಲ. ಒಂದೇ ಹೆಸರನ್ನು ಪ್ಯಾಟರ್ನಿನ ಎರಡು ಕಡೆ ಇಡಲೂ ಅದು ಬಿಡುತ್ತದೆ. ಕೆಲವರು ‘ಮಟ್ಟ 588.24 ಮೀಟರ್’ ಎಂದೂ ಕೆಲವರು ‘588.24 ಮೀಟರ್ ಮಟ್ಟ’ ಎಂದೂ ಬರೆಯುವಾಗ ಎರಡೂ ಪರ್ಯಾಯಗಳಿಗೆ ‘ಮಟ್ಟ’ ಎಂಬ ಒಂದೇ ಹೆಸರಿಡುವುದು ಸ್ವಾಭಾವಿಕ. ಆರ್‌ಇ ಅದನ್ನು ಪ್ಯಾಟರ್ನ್ ಸಿದ್ಧಪಡಿಸುವಾಗಲೇ ತಿರಸ್ಕರಿಸುತ್ತದೆ. ಇಷ್ಟೆಲ್ಲ ಇದ್ದೂ ನಾನು ಪ್ರತಿದಿನದ ಪ್ರೋಗ್ರಾಮಿನಲ್ಲಿ ಆರ್‌ಇ ಮಾಡ್ಯೂಲನ್ನೇ ಉಳಿಸಿಕೊಂಡಿದ್ದೇನೆ. ಅದು ಪೈಥಾನಿನ ಜೊತೆಗೇ ಬರುತ್ತದೆ, ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲದ ದಿನ ಬೇರೊಂದು ಯಂತ್ರದಲ್ಲಿ ಪ್ರೋಗ್ರಾಂ ನಡೆಸಬೇಕಾದರೆ ಏನನ್ನೂ ಇಳಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಹಳೆಯ ವರ್ಷಗಳ ಸಂದೇಶಗಳನ್ನು ಒಟ್ಟಿಗೆ ಶೋಧಿಸುವ ದೊಡ್ಡ ಕೆಲಸಕ್ಕೆ ಮಾತ್ರ ರೆಜೆಕ್ಸ್ ಮಾಡ್ಯೂಲ್.

ಉಳಿದ ಕೆಲವು ಅನುಕೂಲಗಳನ್ನು ಬೇಗ ಹೇಳುತ್ತೇನೆ. ಬದಲಾವಣೆ ಮಾಡುವ ಸಬ್ ಫಂಕ್ಷನ್ನಿನಲ್ಲಿ ಬ್ಯಾಕ್‌ಸ್ಲ್ಯಾಶ್ ಜಿ ಬರೆದು ಕೋನಾವರಣದಲ್ಲಿ ಹೆಸರು ಕೊಟ್ಟರೆ ದಿನ, ತಿಂಗಳು, ವರ್ಷದ ಕ್ರಮವನ್ನು ತಿರುಗಿಸಿ ಬರೆಯುವುದು ಒಂದೇ ಸಾಲಿನ ಕೆಲಸ. ವರ್ಬೋಸ್ ಎಂಬ ಆಯ್ಕೆಯಿಂದ ಪ್ಯಾಟರ್ನನ್ನು ಹಲವು ಸಾಲುಗಳಲ್ಲಿ ಟಿಪ್ಪಣಿಗಳೊಂದಿಗೆ ಬರೆಯಬಹುದು, ಆದರೆ ಆಗ ಖಾಲಿ ಜಾಗಗಳು ಲೆಕ್ಕಕ್ಕೆ ಬರುವುದಿಲ್ಲವೆಂಬುದನ್ನು ಮರೆತು ನಾನು ಎರಡು ಬಾರಿ ಬೇಸ್ತು ಬಿದ್ದಿದ್ದೇನೆ. ಪರ್ಯಾಯಗಳಿಗೆಲ್ಲ ಒಂದೊಂದು ಹೆಸರಿಟ್ಟಾಗ ಯಾವುದು ಹಿಡಿಯಿತೆಂಬುದನ್ನು ಲಾಸ್ಟ್‌ಗ್ರೂಪ್ ಹೇಳುತ್ತದೆ.

ಸ್ಪ್ಯಾನ್ ಎಂಬ ಮೆಥಡ್ಡಿನ ಬಗ್ಗೆ ಮಾತ್ರ ಒಂದು ಮಾತು ಹೆಚ್ಚಿಗೆ ಹೇಳಬೇಕು. ಹೆಸರು ಕೊಟ್ಟರೆ ಅದು ಆ ಗುಂಪು ಮೂಲ ಪಠ್ಯದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಎರಡು ಸಂಖ್ಯೆಗಳಲ್ಲಿ ಕೊಡುತ್ತದೆ. ಗುಂಪು ಮ್ಯಾಚ್ ಆಗಿರದಿದ್ದರೆ ಎರಡೂ ಸಂಖ್ಯೆಗಳು ಋಣ ಒಂದು. ಕೊಡಚಾದ್ರಿಯ ಪ್ರಕರಣದ ನಂತರ ನಾನು ಪ್ರತಿ ಸಂದೇಶವನ್ನೂ ಪರದೆಯ ಮೇಲೆ ತೋರಿಸಿ, ಮಟ್ಟವೆಂದು ಹಿಡಿದ ಭಾಗಕ್ಕೆ ಹಳದಿ, ಒಳಹರಿವೆಂದು ಹಿಡಿದ ಭಾಗಕ್ಕೆ ನೀಲಿ ಬಣ್ಣ ಬಳಿದು, ಕಣ್ಣಾಡಿಸಿದ ಮೇಲೆಯೇ ಪಟ್ಟಿಯನ್ನು ಕಳಿಸುತ್ತೇನೆ. ತಪ್ಪಾದ ಸಂಖ್ಯೆಗೆ ಹಳದಿ ಬಿದ್ದರೆ ಅರೆಕ್ಷಣದಲ್ಲಿ ಗೊತ್ತಾಗುತ್ತದೆ.

ಇದೇ ಬಣ್ಣದ ಪುಟವನ್ನು ಬ್ರೌಸರಿನಲ್ಲಿಯೇ ನಡೆಸಬಹುದೇ ಎಂದು ಜಾವಾಸ್ಕ್ರಿಪ್ಟಿನಲ್ಲಿ ಪ್ರಯತ್ನಿಸಿದ್ದರಿಂದ ಎರಡನ್ನೂ ಹೋಲಿಸುವ ಅವಕಾಶ ಸಿಕ್ಕಿತು. ಅಲ್ಲಿ ಹೆಸರಿಟ್ಟ ಗುಂಪುಗಳು 2018ರ ಆವೃತ್ತಿಯಲ್ಲಿ ಬಂದವು, ಮ್ಯಾಚ್‌ನ ಗ್ರೂಪ್ಸ್ ಎಂಬ ಭಾಗದಲ್ಲಿ ಸಿಗುತ್ತವೆ, ಕನ್ನಡದ ಹೆಸರುಗಳಿಗೂ ಅವಕಾಶವಿದೆ. ಗುಂಪುಗಳ ಸ್ಥಾನವನ್ನು ತಿಳಿಯಲು 2022ರಲ್ಲಿ ಬಂದ ಡಿ ಎಂಬ ಫ್ಲ್ಯಾಗನ್ನು ಪ್ರತ್ಯೇಕವಾಗಿ ಕೇಳಬೇಕು. ಪೈಥಾನಿನಲ್ಲಿ ಅದು ಕೇಳದೆಯೇ ಸಿಗುತ್ತದೆ. ಕನ್ನಡ ಲಿಪಿ ಎಂದು ನೇರವಾಗಿ ಹೆಸರಿಸುವ ಸೌಲಭ್ಯ ಜಾವಾಸ್ಕ್ರಿಪ್ಟಿಗೆ ಇದೆ, ಗುಣಿತ ಚಿಹ್ನೆಗಳೂ ಅದರೊಳಗೆ ಬರುತ್ತವೆ, ಈ ಒಂದು ವಿಷಯದಲ್ಲಿ ಅದು ಆರ್‌ಇಗಿಂತ ಮುಂದಿದೆ. ಆದರೆ ಅದರ ಬ್ಯಾಕ್‌ಸ್ಲ್ಯಾಶ್ ಡಿ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಬಲ್ಲದು. ಕನ್ನಡ ಅಂಕಿಗಳಲ್ಲಿ ಬರೆಯುವ ಆ ಹಿರಿಯರ ಸಂದೇಶಗಳೆಲ್ಲ ಮೊದಲ ದಿನವೇ ಪಟ್ಟಿಯಿಂದ ಹೊರಗುಳಿದವು. ಅಂಕಿ ಬದಲಿಸಿಕೊಳ್ಳಿ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲದ್ದರಿಂದ ಬ್ರೌಸರಿನ ಪುಟವನ್ನು ಅಲ್ಲಿಗೇ ಕೈಬಿಟ್ಟು ಪೈಥಾನಿಗೆ ಮರಳಿದೆ.